ಮನೆಯ ಮಾತು: ಎಳೆಯರು ಮೆಚ್ಚಿದ ಕಾದಂಬರಿಗಳು

ನಮ್ಮ ವಾಚಕರಲ್ಲಿ ಒಬ್ಬ ಗೃಹಸ್ಥರು ಹೋದ ತಿಂಗಳು ನಮಗೊಂದು ಕಾಗದವನ್ನು ಬರೆದಿದ್ದರು. ತಮ್ಮ ಮನೆಯಲ್ಲಿ ಹದಿಮೂರರಿಂದ ಹದಿನೇಳು ವರ್ಷ ಪ್ರಾಯದ ಮೂವರು ಮಕ್ಕಳಿರುವರೆಂದೂ, ಅವರು ಪಾಠದ ಪುಸ್ತಕವನ್ನು ಬಿಟ್ಟರೆ ಮೊಬೈಲನ್ನೂ ಮೊಬೈಲನ್ನು ಬಿಟ್ಟರೆ ಪಾಠದ ಪುಸ್ತಕವನ್ನೂ ಹಿಡಿಯುವರಲ್ಲದೆ ಬೇರೊಂದು ಗ್ರಂಥವನ್ನು ಕಣ್ಣೆತ್ತಿ ನೋಡುವುದಿಲ್ಲವೆಂದೂ, ಆದುದರಿಂದ ಅಂತಹ ಮಕ್ಕಳು ಓದತಕ್ಕ ಉತ್ತಮ ಕನ್ನಡ ಕಾದಂಬರಿಗಳ ಪಟ್ಟಿಯೊಂದನ್ನು ಈ ಪುಟಗಳಲ್ಲಿ ಕೊಡಬೇಕೆಂದೂ ಅವರು ಕೇಳಿಕೊಂಡಿರುವರು. ಇದೇ ಅರ್ಥದ ಮಾತನ್ನು ಹಲವು ಮಂದಿ ತಾಯಂದಿರು ನಮ್ಮೊಡನೆ ಮುಖತಃ ಆಡಿರುವುದೂ ಉಂಟು.

ಕೇಳಿದ ಮಾತು ನ್ಯಾಯವಾದುದೇ. ಅದನ್ನು ನಡಸಿಕೊಡುವುದು ನಮ್ಮ ಕರ್ತವ್ಯವೆಂದು ತಿಳಿದು ನಾವು ಒಂದು ಸಂಜೆ ಲೇಖನಿಯನ್ನು ಹಿಡಿದು ಕುಳಿತೆವು. ಒಂದು ಗಳಿಗೆಯೊಳಗಾಗಿ ಇಪ್ಪತ್ತು ಹೆಸರುಗಳು ಕಾಗದದ ಮೇಲೆ ಇಳಿದುವು. ಎಲ್ಲವೂ ಹೆಸರಾಂತ ಗ್ರಂಥಗಳು; ಒಂದೊಂದಕ್ಕೂ ಪಂಡಿತರ ಮನ್ನಣೆಯುಂಟು. ಆದರೆ ಬರೆದುದನ್ನು ಮತ್ತೊಮ್ಮೆ ಓದಿ ನೋಡಿದಾಗ ಅದು ವೈದ್ಯರು ಬರೆದುಕೊಡುವ ಮದ್ದಿನ ಚೀಟಿಯಂತೆ ನಮಗೇ ಕಂಡಿತು. ಊಟಕ್ಕೆ ಮುಂಚೆ ಇದು, ಊಟವಾದ ಮೇಲೆ ಅದು! ಹಿರಿಯರ ಬಲವಂತಕ್ಕೆ ಮದ್ದನ್ನು ಕುಡಿದು ಗುಣಹೊಂದಿದ ಮಕ್ಕಳುಂಟು. ಬಲವಂತಕ್ಕೆ ಕಾದಂಬರಿಯನ್ನು ಓದಿ ಸುಖಪಟ್ಟ ಮಗುವನ್ನು ನಾವು ಈವರೆಗೆ ಕಾಣೆವು.

ಹೀಗೆ ಯೋಚಿಸಿ ಆ ಪಟ್ಟಿಯನ್ನು ಬದಿಗಿಟ್ಟೆವು. ಮಕ್ಕಳಿಗೆ ಏನು ಹಿಡಿಸುವುದೆಂಬುದನ್ನು ಮಕ್ಕಳನ್ನೇ ಕೇಳಿ ತಿಳಿಯಬಾರದೇಕೆಂದು ತೋರಿತು. ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಬೀದಿಯ ಮಕ್ಕಳನ್ನೂ ನೆಂಟರಿಷ್ಟರ ಮಕ್ಕಳನ್ನೂ ಸೇರಿಸಿ ಎಂಟು ಮಂದಿಯನ್ನು ನಮ್ಮ ಮನೆಯ ಜಗುಲಿಗೆ ಕರೆದೆವು. ಕೋಡುಬಳೆಯ ತಟ್ಟೆಯೊಂದನ್ನು ನಡುವೆ ಇಟ್ಟು ಮೂರು ನಿಬಂಧನೆಗಳನ್ನು ಹೇಳಿದೆವು. ತಾನಾಗಿ ಕೊನೆಯವರೆಗೂ ಓದಿದ ಒಂದೇ ಒಂದು ಕಾದಂಬರಿಯ ಹೆಸರನ್ನು ಪ್ರತಿಯೊಬ್ಬರೂ ಹೇಳಬೇಕು. ಅದನ್ನು ಯಾರ ಕೈಗೆ ಕೊಡುವೆನು, ಏತಕ್ಕೆ ಕೊಡುವೆನು ಎಂಬುದನ್ನು ಒಡನಾಡಿಗಳಿಗೆ ಹೇಳುವಂತೆ ಹೇಳಬೇಕು. ಹಿರಿಯರಾದ ನಾವು ನಡುವೆ ಬಾಯಿ ಹಾಕಕೂಡದು. ಮೂರನೆಯ ನಿಬಂಧನೆಯನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟವಾಯಿತೆಂದು ಒಪ್ಪಿಕೊಳ್ಳುವೆವು.

ಮೊದಲು ಬಾಯಿಬಿಟ್ಟವನು ಹದಿನಾಲ್ಕು ವರ್ಷದ ಒಬ್ಬ ಹುಡುಗ. ಗಣಿತದಲ್ಲಿ ಹಿಂದೆಬಿದ್ದವನೆಂದು ಶಾಲೆಯಲ್ಲಿಯೂ ಮನೆಯಲ್ಲಿಯೂ ದಿನವೂ ಮಾತು ಕೇಳುತ್ತಿರುವವನು. ಅವನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ಎಂಬ ಕಾದಂಬರಿಯ ಹೆಸರನ್ನು ಹೇಳಿದನು. “ಅದರಲ್ಲಿ ಕರ್ವಾಲೋ ಅಂತ ಒಬ್ಬ ದೊಡ್ಡ ವಿಜ್ಞಾನಿ ಇದ್ದಾರೆ. ಅವರಿಗೆ ಮಂದಣ್ಣ ಅನ್ನೋ ಹಳ್ಳಿಯ ಹುಡುಗ ಬೇಕೇ ಬೇಕು. ಯಾಕಂದ್ರೆ ಕಾಡಿನಲ್ಲಿ ಮಂದಣ್ಣನಿಗೆ ಕಂಡದ್ದು ಓದಿದವರಿಗೆ ಕಾಣೋದಿಲ್ಲ. ಎಲ್ಲರೂ ಹಾರುವ ಓತಿಯನ್ನು ಹುಡುಕಿಕೊಂಡು ಹೋಗ್ತಾರೆ. ಸಿಕ್ಕಿತೋ ಇಲ್ಲವೋ ನಾನು ಹೇಳೋದಿಲ್ಲ, ನೀವೇ ಓದಿ” ಎಂದು ಮುಗಿಸಿದನು. ಇದೇ ಗ್ರಂಥವನ್ನು ಕುರಿತು ನಾವು ಹೇಳಬೇಕಾಗಿದ್ದರೆ ವಿಕಾಸವಾದವೆಂದೂ ನಿಸರ್ಗದ ರಹಸ್ಯವೆಂದೂ ಅರ್ಧ ಗಂಟೆ ಮಾತನಾಡಿ ಕೇಳುವವರನ್ನು ಆಕಳಿಸುವಂತೆ ಮಾಡುತ್ತಿದ್ದೆವು. ಹುಡುಗನು ಹಿಡಿದುದು ಒಂದೇ ಮಾತು: ಓದಿನಲ್ಲಿ ಹಿಂದೆಬಿದ್ದ ಮಂದಣ್ಣನಂಥವನೂ ಒಬ್ಬರಿಗೆ ಬೇಕಾದವನು. ಆ ಮಾತು ಅವನಿಗೆ ಏಕೆ ಹಿಡಿಸಿತೆಂಬುದನ್ನು ಕೇಳಬೇಕಾದುದೇ ಇಲ್ಲ. ಅವನ ಬೆನ್ನಿಗೆ ಇನ್ನಿಬ್ಬರು ಹುಡುಗರು ಆ ಪುಸ್ತಕವನ್ನು ಅಂದೇ ಬೇಡಿದರು.

ಎರಡನೆಯವಳು ಹದಿನೈದು ವರ್ಷದ ಹುಡುಗಿ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಅವಳ ಆಯ್ಕೆ. “ಇದನ್ನು ಪರೀಕ್ಷೆಗೆ ಮುಂಚೆ ಮಾತ್ರ ಓದಬೇಡಿ” ಎಂದು ಮೊದಲೇ ಎಚ್ಚರಿಸಿದಳು. ತಿಪಟೂರಿನ ಸೀಮೆಯ ಹಳ್ಳಿಯೊಂದರಲ್ಲಿ, ಕೈಲಾಗದ ಗಂಡನನ್ನು ಕಟ್ಟಿಕೊಂಡು, ಅವನು ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮಕ್ಕಳನ್ನು ಸಾಕುವ ನಂಜಮ್ಮನ ಕಥೆಯದು. ಪ್ಲೇಗು ಆ ಮನೆಗೆ ಬಂದ ಭಾಗವನ್ನು ಓದಿದ ರಾತ್ರಿ ತಾನು ಅತ್ತುದನ್ನು ಕಂಡು ತಾಯಿಯು ಹೆದರಿ, ಶಾಲೆಯಲ್ಲಿ ಏನಾಯಿತೆಂದು ಕೇಳಿದಳಂತೆ. ಭೈರಪ್ಪನವರು ತಾವೂ ಬಾಲ್ಯದಲ್ಲಿ ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರೆಂಬುದನ್ನು ಈ ಹುಡುಗಿ ಆ ಮೇಲೆ ತಿಳಿದುಕೊಂಡಿದ್ದಳು. “ನಮ್ಮ ಅಮ್ಮನಿಗೆ ಸಂಜೆ ಹೊತ್ತು ಸುಸ್ತಾಗುತ್ತೆ ಅಂತ ನನಗೆ ಗೊತ್ತಾದದ್ದೇ ಈ ಪುಸ್ತಕ ಓದಿದ ಮೇಲೆ” ಎಂದು ಆಕೆ ಕೊನೆಗೆ ಹೇಳಿದಳು. ಮಾತೆಯರೇ, ಮಕ್ಕಳಿಗೆ ಮನೆಗೆಲಸದ ಬೆಲೆಯನ್ನು ತಿಳಿಸಲು ನಾವು ಮಾಡುವ ಉಪದೇಶಗಳೆಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಈ ಒಂದು ಮಾತನ್ನು ಇನ್ನೊಂದರಲ್ಲಿಟ್ಟರೆ ಯಾವುದು ತೂಗುವುದೆಂಬುದನ್ನು ನೀವೇ ನೋಡಿರಿ.

ಹದಿನಾರು ವರ್ಷದ ಇನ್ನೊಬ್ಬ ಹುಡುಗಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು (1976) ಹೇಳಿದಳು. ಎಳೆಯ ಪ್ರಾಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಕೇಶಮುಂಡನ ಮಾಡಿಸಿಕೊಂಡು, ಒಂದು ದೊಡ್ಡ ಕುಟುಂಬದ ಕೆಲಸವನ್ನೆಲ್ಲ ಹೊತ್ತು ಬಹುಕಾಲ ಬಾಳಿದ ಹೆಂಗಸಿನ ವೃತ್ತಾಂತವದು. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದ 1963ರಲ್ಲಿ ಆಕೆಗೆ ನಲವತ್ತಾರು ವರ್ಷ; ಬರೆಯುವುದಕ್ಕೆ ಪ್ರಾಯದ ಕಟ್ಟಿಲ್ಲವೆಂಬುದಕ್ಕೆ ಇದು ಸಾಕ್ಷಿ. ಮುಂದಿನ ತಲೆಮಾರಿನ ಎಳೆಯ ವಿಧವೆಯೊಬ್ಬಳು ತಲೆಯನ್ನು ಬೋಳಿಸಲು ಒಪ್ಪದೆ ನಿಂತಾಗ, ತಾನು ಅದನ್ನು ಅನುಭವಿಸಿದ ಫಣಿಯಮ್ಮನೇ ಅವಳ ಪಕ್ಷವನ್ನು ವಹಿಸುವಳು. ಆ ಪ್ರಸಂಗವನ್ನು ಹುಡುಗಿ ಗೆಳತಿಯರಿಗೆ ಹೇಳುವ ಮುಂಚೆ ತನ್ನ ಅಜ್ಜಿಗೆ ಓದಿಹೇಳಿದಳಂತೆ. ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಸೋದರತ್ತೆಯ ಹೆಸರನ್ನು ಎತ್ತಿದರಂತೆ. ಆ ಹೆಸರನ್ನು ಮನೆಯಲ್ಲಿ ಅದುವರೆಗೆ ಯಾರೂ ಎತ್ತಿದ್ದಿಲ್ಲ.

ಚಿತ್ರದುರ್ಗದ ಕಡೆಯ ಹುಡುಗನೊಬ್ಬನು ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು (1982) ಎರಡು ಕೈಗಳಲ್ಲಿ ಎತ್ತಿಕೊಂಡೇ ಬಂದಿದ್ದನು. ಗ್ರಂಥದ ಗಾತ್ರವನ್ನು ಕಂಡು ಉಳಿದವರು ನಕ್ಕರು. 1779ರಲ್ಲಿ ಹೈದರಾಲಿಗೆ ದುರ್ಗವು ವಶವಾದುದು, ಮದಕರಿನಾಯಕನ ಆಳಿಕೆಯು ಮುಗಿದುದು ಎಲ್ಲರೂ ಬಲ್ಲ ಸಂಗತಿ. “ಕೋಟೆ ಬೀಳುತ್ತೆ ಅಂತ ಮೊದಲೇ ಗೊತ್ತು. ಆದರೂ ಬೀಳಬಾರದು, ಬೀಳಬಾರದು ಅಂತಲೇ ಓದಿಕೊಂಡು ಹೋದೆ” ಎಂದು ಅವನು ಹೇಳಿದ ಮಾತಿಗಿಂತ ಉತ್ತಮವಾದ ವಿಮರ್ಶೆಯನ್ನು ಆ ಗ್ರಂಥದ ವಿಷಯದಲ್ಲಿ ನಾವು ಬೇರೆಲ್ಲಿಯೂ ಕೇಳಿಲ್ಲ. ಸುಬ್ಬರಾಯರು 1984ರಲ್ಲಿ ತೀರಿಕೊಂಡರು. ಈ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದುದು ಆಮೇಲೆ. ಹುಡುಗನ ಈ ಒಂದು ಮಾತನ್ನು ಅವರು ಕೇಳಿದ್ದರೆ ಅದರಿಂದಲೂ ಸಂತೋಷಪಡುತ್ತಿದ್ದರೆಂದು ನಮಗೆ ತೋರುವುದು.

ಹದಿಮೂರರ ಕಿರಿಯನು ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಎಂಬುದನ್ನು ಹೇಳಿದನು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟನ್ನು ಕಟ್ಟಿದುದರಿಂದ ಎಷ್ಟೋ ಊರುಗಳು ನೀರಿನಡಿಗೆ ಹೋದುವು. ಸರಕಾರದ ಕೆಲಸದಲ್ಲಿದ್ದುಕೊಂಡು ಅದನ್ನು ಹತ್ತಿರದಿಂದ ಕಂಡ ಡಿಸೋಜರು ಆ ಮುಳುಗಡೆಯ ಸೀಮೆಯನ್ನೇ ತಮ್ಮ ಅನೇಕ ಕಥೆಗಳಿಗೆ ನೆಲೆಯಾಗಿ ಮಾಡಿಕೊಂಡರು. ಮಕ್ಕಳಿಗೆಂದು ಬರೆದ ಈ ಗ್ರಂಥಕ್ಕೆ 2011ರಲ್ಲಿ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಹುಡುಗನಿಗೆ ಪುರಸ್ಕಾರದ ಸುದ್ದಿ ತಿಳಿಯದು. “ನಮ್ಮ ಮನೇಲಿ ದೀಪ ಹೊತ್ತಿಸೋ ಕರೆಂಟು ಅಲ್ಲಿಂದ ಬರುತ್ತಂತೆ ಅಲ್ವಾ ಅಜ್ಜ?” ಎಂದು ಮಾತ್ರ ನಮ್ಮನ್ನು ಕೇಳಿದನು. ಹೌದೆಂದು ತಲೆಯಾಡಿಸಿದೆವು.

ಹದಿನೇಳು ವರ್ಷದವನೊಬ್ಬನು ಶಿವರಾಮ ಕಾರಂತರ ‘ಚೋಮನ ದುಡಿ’ಯ ಹೆಸರನ್ನು ಸ್ವಲ್ಪ ಸಂಕೋಚದಿಂದಲೇ ಹೇಳಿದನು. ಗುರುಗಳು ಅದರ ಸಾರಾಂಶವನ್ನು ತರಗತಿಯಲ್ಲಿ ಬರೆಸಿದ್ದರಿಂದ ಅದನ್ನು ಮುಟ್ಟಲೇಬಾರದೆಂದು ಮೂರು ವರ್ಷ ಹಟಹಿಡಿದಿದ್ದನಂತೆ. ಆಮೇಲೆ ಗೆಳೆಯನೊಬ್ಬನು, “ಸಾರಾಂಶ ಬಿಡು, ನೀಲ ಅನ್ನೋ ಹುಡುಗ ನೀರಿಗೆ ಬಿದ್ದ ಪುಟವನ್ನು ಓದು” ಎಂದನು. ಕಣ್ಣೆದುರಿಗೆ ಮುಳುಗುತ್ತಿರುವ ಮಗುವನ್ನು, ಮುಟ್ಟಬಾರದ ಜಾತಿಯದೆಂಬ ಕಾರಣದಿಂದ ಎತ್ತದೆ ನಿಂತ ಜನರ ಆ ಪುಟವನ್ನು ಓದಿ ಎರಡು ದಿನ ಪುಸ್ತಕವನ್ನು ಮುಟ್ಟಲಿಲ್ಲವೆಂದನು. ಮೂರನೆಯ ದಿನ ಮೊದಲಿಂದ ಆರಂಭಿಸಿದನು. 1933ರಲ್ಲಿ ಅಚ್ಚಾದ ಕಥೆ! ತೊಂಬತ್ತು ವರ್ಷಗಳಾದ ಮೇಲೂ ಹುಡುಗನೊಬ್ಬನ ನಿದ್ರೆಯನ್ನು ಕೆಡಿಸಬಲ್ಲ ಗ್ರಂಥವನ್ನು ನಾವು ಸಾರಾಂಶದಿಂದ ಮುಚ್ಚಿಟ್ಟಿದ್ದೆವಲ್ಲ ಎಂದು ನಮಗೆ ನಾಚಿಕೆಯಾಯಿತು.

ಇನ್ನು ಇಂಗ್ಲಿಷಿನಲ್ಲಿಯೇ ಓದುವ ಹುಡುಗನ ವಿಷಯ. ಇವನು ಮೊದಲ ತರಗತಿಯಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನು. ಮನೆಯಲ್ಲಿ ಕನ್ನಡ ಮಾತನಾಡುವನು. ಓದಬೇಕಾದರೆ ಮಾತ್ರ ಅಕ್ಷರವಕ್ಷರವನ್ನು ಕೂಡಿಸುತ್ತ ಎತ್ತಿನಗಾಡಿಯಂತೆ ಸಾಗುವನು. 1997ರಿಂದ 2007ರವರೆಗೆ ಏಳು ಸಂಪುಟಗಳಾಗಿ ಬಂದ ಹ್ಯಾರಿ ಪಾಟರನ ಕಥೆಯನ್ನು ಮೂರು ಸಲ ಓದಿರುವುದಾಗಿ ಹೇಳಿದನು. ನಾವು ಇದನ್ನು ಹಳಿಯುವವರಲ್ಲ. ಸಾವಿರಾರು ಪುಟಗಳನ್ನು ತಾನಾಗಿ ಓದಿದ ಹುಡುಗನನ್ನು ಓದದವನೆಂದು ಹೇಗೆ ಹೇಳುವುದು? ‘ಕರ್ವಾಲೋ’ ಹೇಳಿದ ಹುಡುಗನು ಇವನೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡನು: “ನೀನು ನನ್ನದು ಓದು, ನಾನು ನಿನ್ನದು ಓದ್ತೀನಿ.” ಮನೆಗೆ ಹೋದ ಇವನು ಹತ್ತು ಪುಟಗಳಿಗೇ ಸೋತು ಪುಸ್ತಕವನ್ನು ಅಜ್ಜಿಯ ಕೈಗೆ ಕೊಟ್ಟನಂತೆ. ರಾತ್ರಿ ಊಟವಾದ ಮೇಲೆ ಅಜ್ಜಿ ಓದುವುದು, ಮೊಮ್ಮಗ ಕೇಳುವುದು. ಅಜ್ಜಿಯ ಕನ್ನಡಕ ಮಸುಕಾದಾಗ ಮೊಮ್ಮಗನೇ ನಾಲ್ಕು ಸಾಲು ಓದುವುದು. ಮೂರು ವಾರವಾಗುವಷ್ಟರಲ್ಲಿ ಆ ನಾಲ್ಕು ಸಾಲು ನಾಲ್ಕು ಪುಟವಾಗಿರುವುದೆಂದು ಅವನ ತಾಯಿ ನಮಗೆ ತಿಳಿಸಿರುವರು. ಕನ್ನಡವನ್ನು ಓದೆಂದು ಆಕೆ ಎಂಟು ವರ್ಷ ಗೋಗರೆದರೂ ಆಗದ ಕೆಲಸವು ಓರಗೆಯ ಹುಡುಗನ ಒಂದು ಮಾತಿನಿಂದ ಆಯಿತು.

ಈ ಏಳು ಮಂದಿಯ ಮಾತುಗಳನ್ನು ಕೇಳಿದ ಮೇಲೆ ನಮಗೆ ಒಂದು ಸಂಗತಿ ಮನದಟ್ಟಾಯಿತು. ಇವರಲ್ಲಿ ಒಬ್ಬರಾದರೂ, ‘ಇದರಿಂದ ಇಂತಹ ನೀತಿಯನ್ನು ಕಲಿಯಬಹುದು’ ಎನ್ನಲಿಲ್ಲ. ತಮಗೆ ಏನಾಯಿತೆಂಬುದನ್ನು ಹೇಳಿದರು. ಇನ್ನೊಬ್ಬರಿಗೂ ಹಾಗಾಗಲೆಂದು ಬಯಸಿದರು. ಹಿರಿಯರು ಪುಸ್ತಕವನ್ನು ಹೇಳುವುದು ಮಗುವಿನ ಹಿತಕ್ಕಾಗಿ. ಎಳೆಯರು ಹೇಳುವುದು ಜೊತೆಗಾಗಿ. ಒಂಟಿಯಾಗಿ ಕಂಡ ಕನಸಿಗೆ ಇನ್ನೊಬ್ಬ ಸಾಕ್ಷಿಯನ್ನು ಅವರು ಹುಡುಕುತ್ತಿರುವರು. ಆದುದರಿಂದಲೇ ಅವರ ಮಾತು ನಾಟುವುದು.

ಪುಸ್ತಕದ ವ್ಯಾಪಾರದಲ್ಲಿ ನುರಿತವರು ಕೂಡ ಎಳೆಯರ ಈ ಮಾತಿಗೆ ಬೆಲೆ ಕಟ್ಟಿದುದುಂಟು. 1936ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾದ ಟೋಲ್ಕಿನ್ ಎಂಬವರ ‘ಹಾಬಿಟ್’ ಎಂಬ ಕಥೆಯ ಹಸ್ತಪ್ರತಿಯು ಲಂಡನ್ನಿನ ಪ್ರಕಾಶಕರಾದ ಸ್ಟಾನ್ಲಿ ಅನ್ವಿನ್ನರಿಗೆ ಬಂದಾಗ, ಅವರು ಅದನ್ನು ಪಂಡಿತರಿಗೆ ಕಳುಹಿಸುವುದರ ಬದಲು ಹತ್ತು ವರ್ಷದ ತಮ್ಮ ಮಗ ರೇನರನ ಕೈಗೆ ಕೊಟ್ಟರು. ಹುಡುಗನು ಓದಿ, ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳೆಲ್ಲರಿಗೂ ಹಿಡಿಸುವುದೆಂದು ಬರೆದುಕೊಟ್ಟು, ಒಂದು ಷಿಲಿಂಗ್ ಕೂಲಿಯನ್ನು ಪಡೆದನು. ಗ್ರಂಥವು 1937ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಅದೇ ಹುಡುಗನು ಬೆಳೆದು ತಾನೂ ಪ್ರಕಾಶಕನಾಗಿ, ಅದೇ ಗ್ರಂಥಕರ್ತರ ಮೂರು ಸಂಪುಟಗಳ ಮಹಾಕಥೆಯನ್ನು 1954–55ರಲ್ಲಿ ಹೊರತರಲು ಕಾರಣನಾದನು. ತಂದೆಯು ಮಗನ ಮಾತನ್ನು ಒಮ್ಮೆ ಕೇಳಿದುದರಿಂದ ಎಷ್ಟು ಫಲವಾಯಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ನಾಡಿನಲ್ಲಿಯೂ ಕಾದಂಬರಿಯು ಬೆಳೆದುದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ. ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ಕಥೆಗಳನ್ನು ಕನ್ನಡಿಸಿದರು. ಗಳಗನಾಥರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾದಂಬರಿಯನ್ನು ಓದಿದರೆ ಹೆಣ್ಣುಮಕ್ಕಳು ಕೆಡುವರೆಂಬ ಮಾತು ಆಗ ಮನೆಮನೆಯಲ್ಲಿಯೂ ಇದ್ದಿತು. ಆದರೂ ಒಬ್ಬಳು ಓದಿ ಸೆರಗಿನಲ್ಲಿ ಮುಚ್ಚಿಕೊಂಡು ಇನ್ನೊಬ್ಬಳಿಗೆ ಕೊಟ್ಟಳು. ಇಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಓದುಗರ ಬಳಗವು ಹಾಗೆ ಹುಟ್ಟಿತು.

ಆ ಹಳೆಯ ಹೆದರಿಕೆಯು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಅದಕ್ಕೆ ನಾವೇ ನಿದರ್ಶನ. ಮೇಲೆ ಏಳು ಮಂದಿಯ ಮಾತನ್ನು ಹೇಳಿದೆವು. ಬಂದವರು ಎಂಟು ಮಂದಿ. ಎಂಟನೆಯವಳು ಹದಿನಾರರ ಹುಡುಗಿ. ತನ್ನ ಸರದಿ ಬಂದಾಗ, “ನಾನು ಓದಿದೀನಿ, ಆದರೆ ಇಲ್ಲಿ ಹೇಳೋದಿಲ್ಲ” ಎಂದು ತಲೆ ತಗ್ಗಿಸಿದಳು. ಉಳಿದವರು ಅವಳನ್ನು ಕಾಡುವುದಕ್ಕೆ ತೊಡಗಿದರು. ನಾವು ತಡೆದೆವು. ಏತಕ್ಕೆಂದರೆ ಆ ತಗ್ಗಿದ ತಲೆಯನ್ನು ನಾವು ಹಿಂದೊಮ್ಮೆ ಕಂಡಿದ್ದೆವು.

ಹಲವು ವರ್ಷಗಳ ಹಿಂದೆ ನಮ್ಮ ತಮ್ಮನ ಕಿರಿಯ ಮಗಳು ಪಿ.ಯು. ತರಗತಿಯ ಓದಿಗೆಂದು ನಮ್ಮ ಮನೆಯಲ್ಲಿದ್ದಳು. ಆಗ ಅವಳಿಗೆ ಹದಿನೇಳು. ದಸರೆಯ ರಜೆಗೆ ಊರಿಗೆ ಹೋಗಿ ಬಂದವಳು ಒಂದು ದಿನ ಹಳೆಯ ಪುಸ್ತಕದ ಅಂಗಡಿಯಿಂದ ತ್ರಿವೇಣಿಯವರ ‘ಶರಪಂಜರ’ವನ್ನು ಕೊಂಡುತಂದಳು. ನಾಲ್ಕು ದಿನ ಅದರಲ್ಲಿಯೇ ಮುಳುಗಿದ್ದು, ಐದನೆಯ ದಿನ ನಮ್ಮ ಬಳಿಗೆ ಬಂದು, “ದೊಡ್ಡಪ್ಪ, ಇದನ್ನು ನೀವೂ ಓದಿ. ಓದಲೇಬೇಕು” ಎಂದಳು. ಪರೀಕ್ಷೆಯು ಹತ್ತಿರವಾಗಿತ್ತು. ನಾವು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು, “ಮೊದಲು ಪಾಠ ಓದು, ಕಥೆಯ ಪುಸ್ತಕ ಆಮೇಲೆ” ಎಂದು ಹೇಳಿ ಕಪಾಟಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದೆವು. ಅವಳು ತಲೆ ತಗ್ಗಿಸಿ ಹೋದಳು. ಅದನ್ನು ಹಿಂದಕ್ಕೆ ಕೇಳಲಿಲ್ಲ. ಇನ್ನಾವ ಪುಸ್ತಕವನ್ನು ಕುರಿತೂ ನಮ್ಮೊಡನೆ ಮಾತನಾಡಲಿಲ್ಲ. ನಮ್ಮ ಶಿಸ್ತು ಫಲಿಸಿತೆಂದು ನಾವು ಬೀಗಿದೆವು.

ಆ ವರ್ಷವೇ ಅವಳ ಅಕ್ಕನಿಗೆ ಚೊಚ್ಚಲ ಬಾಣಂತನ. ಹೆತ್ತ ಮೇಲೆ ಆ ಹುಡುಗಿ ರಾತ್ರಿಯೆಲ್ಲ ನಿದ್ರೆ ಮಾಡದೆ, ಮಗುವನ್ನು ಎತ್ತಿಕೊಳ್ಳದೆ, ಗೋಡೆಯನ್ನು ನೋಡುತ್ತ ಕುಳಿತಿರುತ್ತಿದ್ದಳಂತೆ. ಗಾಳಿ ಸೋಕಿದೆಯೆಂದರು, ಯಂತ್ರ ಕಟ್ಟಿಸಿದರು, ಹೊರಗೆ ಯಾರಿಗೂ ತಿಳಿಯಕೂಡದೆಂದು ಮನೆಮಂದಿಗೆಲ್ಲ ಆಣೆಯಿಟ್ಟರು. ನಮಗೂ ತಿಳಿಸಲಿಲ್ಲ. ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದುವು. ಚಿಕಿತ್ಸೆಯಿಂದ ಆಕೆ ಗುಣಹೊಂದಿ ಈಗ ನೆಮ್ಮದಿಯಾಗಿರುವಳು. ಬಾಣಂತಿಯರಿಗೆ ಬರುವ ಇಂತಹ ಮನೋವ್ಯಾಧಿಯು ವೈದ್ಯಕ್ಕೆ ಚೆನ್ನಾಗಿ ಪರಿಚಿತವಾದುದೆಂದೂ, ಬೇಗನೆ ಕಂಡುಹಿಡಿದರೆ ವಾಸಿಮಾಡತಕ್ಕದ್ದೆಂದೂ ಈ ಸಂದರ್ಭದಲ್ಲಿ ಎಲ್ಲ ಮನೆಗಳವರಿಗೂ ತಿಳಿಸಲಿಚ್ಛಿಸುವೆವು.

ಮನೆಯನ್ನು ಬದಲಾಯಿಸುವಾಗ ಆ ಕಪಾಟನ್ನು ತೆರವು ಮಾಡಬೇಕಾಯಿತು. ಪುಸ್ತಕವು ಕೈಗೆ ಬಂದಾಗ ಮೊದಲ ಸಲ ಅದನ್ನು ಓದಿದೆವು. ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮುಂಚೆಯೇ ತೀರಿಕೊಂಡವರು. 1971ರಲ್ಲಿ ಚಲನಚಿತ್ರವೂ ಆದ ಈ ಕಥೆಯಲ್ಲಿ, ಹೆರಿಗೆಯ ಬಳಿಕ ಬುದ್ಧಿ ಕದಡಿದ ಕಾವೇರಿ ಎಂಬ ಗೃಹಿಣಿಯು ಚಿಕಿತ್ಸೆಯಿಂದ ವಾಸಿಯಾಗಿ ಮನೆಗೆ ಬರುವಳು. ಆಕೆ ವಾಸಿಯಾದುದನ್ನು ಮಾತ್ರ ಮನೆಯವರೂ ನೆರೆಯವರೂ ನಂಬರು. ಅವಳ ಒಂದೊಂದು ಮಾತನ್ನೂ ನಗೆಯನ್ನೂ ಹುಚ್ಚಿನ ಕಣ್ಣಿನಿಂದಲೇ ನೋಡುವರು. ಓದುತ್ತ ಹೋದಂತೆ ಒಂದು ಪುಟದ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಎಳೆದ ಗೆರೆಯನ್ನು ಕಂಡೆವು. ಪಕ್ಕದಲ್ಲಿ ‘ಅಕ್ಕ’ ಎಂದಷ್ಟೇ ಬರೆದಿತ್ತು.

ಬಾಯಿಬಿಟ್ಟು ಹೇಳಬಾರದೆಂದು ಆಣೆಗೆ ಸಿಲುಕಿದ ಹುಡುಗಿಯು ಹೇಳಬೇಕಾದುದನ್ನು ಪುಸ್ತಕದ ಕೈಯಲ್ಲಿ ಹೇಳಿಸಲು ಬಂದಿದ್ದಳು. ನಾವು ಅದಕ್ಕೆ ಬೀಗ ಹಾಕಿದೆವು. ಅಂದು ರಾತ್ರಿಯೇ ಓದಿದ್ದರೆ ಎಂಟು ತಿಂಗಳು ಎರಡಾಗುತ್ತಿದ್ದುವೋ ಏನೋ! ಅವಳಿಗೆ ಕಾಗದ ಬರೆದು ತಪ್ಪನ್ನು ಒಪ್ಪಿಕೊಂಡೆವು. “ಆಗ ನಿಮಗೆ ಗೊತ್ತಿರಲಿಲ್ಲವಲ್ಲ ದೊಡ್ಡಪ್ಪ” ಎಂದು ಅವಳು ಉತ್ತರ ಬರೆದಳು. ಗೊತ್ತಿರಲಿಲ್ಲವೆಂಬುದು ನಿಜ, ಗೊತ್ತುಮಾಡಿಕೊಳ್ಳುವ ದಾರಿಯು ನಮ್ಮ ಕೈಯಲ್ಲಿಯೇ ಇದ್ದಿತೆಂಬುದೂ ನಿಜ.

ಎಳೆಯರು ಕೊಟ್ಟ ಪುಸ್ತಕಗಳಲ್ಲೆಲ್ಲ ಇಂತಹ ಗುಟ್ಟೇ ಇರುವುದೆಂದು ನಾವು ಹೇಳುವುದಿಲ್ಲ. ಹೆಚ್ಚು ಪಾಲು ಇರುವುದು ಬರಿಯ ಸಂತೋಷವೇ. ಆದರೆ ಯಾವುದರಲ್ಲಿ ಏನಿದೆಯೆಂಬುದು ಓದದೆ ತಿಳಿಯದು. ಪಟ್ಟಿ ಕೇಳಿದ ಗೃಹಸ್ಥರಿಗೆ ನಮ್ಮ ಉತ್ತರ ಇಷ್ಟೇ: ಮಕ್ಕಳಿಗೆ ‘ಇದನ್ನು ಓದು’ ಎನ್ನುವ ಮೊದಲು, ‘ನೀನು ಓದಿದುದರಲ್ಲಿ ನಾನು ಯಾವುದನ್ನು ಓದಲಿ?’ ಎಂದು ಕೇಳಿರಿ. ಹೇಳಿದುದನ್ನು ನಿಜವಾಗಿಯೂ ಓದಿರಿ. ಓದಿ ಮುಗಿಸುವವರೆಗೆ ಗುಣದೋಷಗಳನ್ನು ಎತ್ತಬೇ‌ಡಿರಿ. ‘ನಾನು ಏನನ್ನೂ ಓದಿಲ್ಲ’ ಎಂದು ಮಗುವು ಹೇಳಿದರೆ, ಓರಗೆಯ ಓದುಗನೊಬ್ಬನನ್ನು ಮನೆಗೆ ಕರೆದು ತಿಂಡಿ ಕೊಡಿರಿ. ಉಳಿದ ಕೆಲಸವನ್ನು ಅವನು ಮಾಡುವನು.

ಮಕ್ಕಳು ಕೀಳು ಅಭಿರುಚಿಯ ಪುಸ್ತಕಗಳನ್ನೇ ಮೆಚ್ಚಿದರೆ ಏನು ಮಾಡುವುದೆಂದು ಕೆಲವರು ಕೇಳುವರು. ಈ ಪ್ರಶ್ನೆಯನ್ನು ಕೇಳುವ ಮಹನೀಯರಲ್ಲಿ ಹಲವರು ತಮ್ಮ ಹರೆಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದವರೇ. ಅದರಿಂದ ಅವರು ಕೆಟ್ಟುದನ್ನು ನಾವು ಕಾಣೆವು. ಪುಟ ತಿರುಗಿಸುವ ಅಭ್ಯಾಸವು ಅಲ್ಲಿಂದಲೇ ಬಂದುದನ್ನು ಬಲ್ಲೆವು. ನಿಜವಾಗಿ ಹಾನಿಕರವಾದುದೇ ಬಂದರೂ, ಓದಿ ತಿಳಿದ ತಂದೆತಾಯಿಗಳು ಆಡುವ ಮಾತಿಗೆ ತೂಕವಿರುವುದು. ಓದದೆ ಬೀಗ ಹಾಕಿದವರ ಮಾತಿಗೆ ತೂಕವೆಲ್ಲಿಯದು?

ಪುಸ್ತಕಕ್ಕೆ ಹಣವಿಲ್ಲವೆನ್ನುವವರಿಗೆ ಒಂದು ಸೂಚನೆ. ಕರ್ಣಾಟಕದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವವನ್ನು ಕೊಡುವ ಏರ್ಪಾಡನ್ನು ಮಾಡಲಾಯಿತು. ಹಳ್ಳಿಯಲ್ಲಿರುವ ವಾಚಕರು ಮಕ್ಕಳನ್ನು ಅಲ್ಲಿಗೆ ಒಬ್ಬೊಬ್ಬರನ್ನಾಗಿ ಕಳುಹಿಸದೆ ಇಬ್ಬಿಬ್ಬರನ್ನಾಗಿ ಕಳುಹಿಸಲಿ. ಒಬ್ಬ ತಂದ ಪುಸ್ತಕವನ್ನು ಇಬ್ಬರೂ ಓದುವರು. ದಾರಿಯುದ್ದಕ್ಕೂ ಮಾತಿಗೊಂದು ವಿಷಯವಾಗುವುದು.

ನಮ್ಮ ಪಟ್ಟಿಯು ಹೀಗೆ ಇಪ್ಪತ್ತರಿಂದ ಏಳಕ್ಕೆ ಇಳಿಯಿತು. ಇದನ್ನು ಬೆಳಸುವ ಭಾರವನ್ನು ವಾಚಕರ ಮನೆಯ ಮಕ್ಕಳಿಗೆ ಒಪ್ಪಿಸಿರುವೆವು. ತಾವು ಮೆಚ್ಚಿದ ಒಂದು ಕಾದಂಬರಿಯ ಹೆಸರನ್ನೂ, ಅದನ್ನು ಯಾರಿಗೆ ಏತಕ್ಕೆ ಕೊಡುವರೆಂಬುದನ್ನೂ ಅವರು ತಮ್ಮ ಮಾತಿನಲ್ಲಿಯೇ ಬರೆದು ಕಳುಹಿಸಲಿ. ಹಿರಿಯರು ತಿದ್ದಬಾರದು. ಬಂದವುಗಳನ್ನು ಬಂದಂತೆಯೇ ಪ್ರಕಟಿಸುವೆವು.

ಎಂಟನೆಯ ಹುಡುಗಿಯ ಮಾತು ಉಳಿಯಿತು. ಅಂದು ಸಂಜೆ ಎಲ್ಲರೂ ಹೊರಟುಹೋದ ಮೇಲೆ ಆಕೆ ಒಬ್ಬಳೇ ಹಿಂದಿರುಗಿ ಬಂದು, ಜಗುಲಿಯ ಅಂಚಿನ ಮೇಲೆ ಒಂದು ಪುಸ್ತಕವನ್ನಿಟ್ಟು, ಏನನ್ನೂ ಹೇಳದೆ ಹೋದಳು. ಅದರ ಹೆಸರನ್ನು ಇಲ್ಲಿ ಬರೆಯೆವು. ಏತಕ್ಕೆಂದರೆ ಆಕೆ ಅದನ್ನು ಕೊಟ್ಟುದು ನಮಗೆ, ಪತ್ರಿಕೆಗಲ್ಲ. ನಾವು ಅದನ್ನು ಆ ರಾತ್ರಿಯೇ ಓದಲಾರಂಭಿಸಿದೆವು.